ಅಮಲ್ದಾರರ ಚಮಚವೂ ನಾನು ಬೆಳಗಿದ ಬೆಳ್ಳಿಯೂ

ನನ್ನ ತಮ್ಮನ ಸೊಸೆ ಲಲಿತಮ್ಮ ಹೋದ ತಿಂಗಳಿಂದ ಮನೆಮನೆಗೆ ಹೋಗಿ ಬೆಳ್ಳಿ ಬೆಳಗುವ ಕೆಲಸಕ್ಕೆ ಇಳಿದಿದ್ದಾಳೆ. ಮೊದಲ ವಾರವೇ ಮುಖ ಸಣ್ಣಗೆ ಮಾಡಿಕೊಂಡು ಬಂದಳು. "ಅತ್ತೆಮ್ಮಾ, ದೀಪದ ಕಂಬ ಉಜ್ಜಿ ಉಜ್ಜಿ ಕೈಯೆಲ್ಲ ಕಪ್ಪಾಯ್ತು, ಕಂಬ ಮಾತ್ರ ಅಂಗೇ ಐತೆ" ಎಂದಳು. ಏನು ಹಾಕಿ ಉಜ್ಜಿದೆ ಎಂದು ಕೇಳಿದೆ. ಹುಣಿಸೆಹಣ್ಣು, ರಂಗೋಲಿ ಪುಡಿ ಎಂದಳು. ನನ್ನ ಅತ್ತೆ ಬದುಕಿದ್ದರೆ ಅವಳ ಬೆರಳು ಉಳಿಯುತ್ತಿರಲಿಲ್ಲ. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತಾಳೆ. ಹಾಗಾಗಿ ಬರೆದಿಡುತ್ತಿದ್ದೇನೆ. ನಮ್ಮಪ್ಪ ಒಡವೆಯ ಮೇಲೆ ಹೆಸರು ಕೆತ್ತುವುದಕ್ಕೆಂದು ಅಕ್ಷರ ಕಲಿತ ಅಕ್ಕಸಾಲಿ. ನನಗೂ ಒಂದಿಷ್ಟು ಕಲಿಸಿದ್ದರು. ಅದು ಈಗ ಉಪಯೋಗಕ್ಕೆ ಬಂತು.

ನಾನು ಹೇಳುವುದೆಲ್ಲ ಮಹಾರಾಜರ ಕಾಲದ ಮಾತು. ಹುಣಸೂರಿನ ನಮ್ಮ ಮಾವನವರ ಅಂಗಡಿಯಲ್ಲಿ ಗಂಡಸರು ಬೆಳ್ಳಿ ಕಾಯಿಸಿ, ಬಡಿದು, ತಟ್ಟೆ ಲೋಟ ದೀಪ ಮಾಡುತ್ತಿದ್ದರು. ಮಾಡಿ ಕೊಟ್ಟರೆ ಅವರ ಕೆಲಸ ಮುಗಿಯಿತು. ಹೆಂಗಸರ ಕೆಲಸ ಶುರುವಾಗುತ್ತಿದ್ದದ್ದು ಅಲ್ಲಿಂದ. ಮದುವೆ, ಮುಂಜಿ, ಗೌರಿ ಹಬ್ಬ ಹತ್ತಿರ ಬಂದರೆ ಪೆಟ್ಟಿಗೆಯೊಳಗಿನ ಬೆಳ್ಳಿ ಹೊರಗೆ ಬರುತ್ತದೆ. ಹೊರಗೆ ಬಂದಾಗ ಇದ್ದಲಿನ ಹಾಗಿರುತ್ತದೆ. ಆಗ ನಮಗೆ ಹೇಳಿಕಳಿಸುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಆಗತಾನೇ ಅಗಲವಾದ ಬೀದಿ ಬಿಟ್ಟು ಕಟ್ಟುತ್ತಿದ್ದ ಕೃಷ್ಣರಾಜನಗರ, ಈ ನಾಲ್ಕು ತಾಲ್ಲೂಕಿನ ಹಿತ್ತಿಲುಗಳೂ ನನಗೆ ಗೊತ್ತು. ಮುಂಬಾಗಿಲು ಮಾತ್ರ ಹೆಚ್ಚು ಗೊತ್ತಿಲ್ಲ.

ನನ್ನ ಮೇಲಧಿಕಾರಿ ನನ್ನ ಅತ್ತೆ ಕಾಳಮ್ಮನವರು. ಅಧಿಕಾರಿಗಳಿಗೆಲ್ಲ ಒಂದಲ್ಲ ಒಂದು ದಿನ ವರ್ಗವಾಗುತ್ತದೆ, ಅತ್ತೆಗೆ ಆಗುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಕುಂಕುಮದ ಭರಣಿ ಕೊಟ್ಟು, ಅದನ್ನೇ ಮೂರು ದಿನ ಬೆಳಗಿಸಿದರು. ಬೆಳಗಿ ತಂದರೆ ಕಿಟಕಿಯ ಬೆಳಕಿಗೆ ಹಿಡಿದು, ಮೂಗು ಮುರಿದು, ಮತ್ತೆ ಕೈಗೆ ಕೊಡುತ್ತಿದ್ದರು.

"ಮೊಕ ತೊಳ್ಸೋ ಅಂಗೆ ತೊಳೀಬೇಕು ಕಣೇ. ನೀನು ಚರ್ಮ ಸುಲೀತಾ ಇದ್ದೀಯೆ."

ಅವರ ಕ್ರಮ ಹೀಗೆ. ಅಂಟುವಾಳದ ಕಾಯಿ ನೆನೆಸಿದ ಬಿಸಿನೀರಿನಲ್ಲಿ ಜಿಡ್ಡು ಬಿಡಿಸಬೇಕು. ಆಮೇಲೆ ನುಣ್ಣಗೆ ಜರಡಿ ಹಿಡಿದ ವಿಭೂತಿಯನ್ನು ನೀರಲ್ಲಿ ಕಲಸಿ, ಹಳೆಯ ಪಂಚೆಯ ತುಂಡಿನಿಂದ ಉದ್ದುದ್ದಕ್ಕೆ ಉಜ್ಜಬೇಕು, ಸುತ್ತ ತಿರುಗಿಸಬಾರದು. ಸಂದಿಗೊಂದಿಗೆ ಜಗಿದ ಬೇವಿನಕಡ್ಡಿ. ಹುಣಿಸೆಹಣ್ಣು ತಾಮ್ರಕ್ಕೆ, ಹಿತ್ತಾಳೆಗೆ. ರಂಗೋಲಿ ಪುಡಿ ಬಾಗಿಲಿಗೆ. ಲಲಿತಮ್ಮ, ಈ ಕೊನೆಯ ಎರಡು ಮಾತನ್ನು ಎರಡು ಸಲ ಓದು.

ನನ್ನ ಮೊದಲ ದೊಡ್ಡ ತಪ್ಪು ಪಿರಿಯಾಪಟ್ಟಣದ ಕಡೆ ಒಬ್ಬ ಗೌಡರ ಮನೆಯಲ್ಲಿ ಆಯಿತು. ಮಗಳ ಮದುವೆಗೆಂದು ಮನೆಯ ಹಿರಿಯ ಗೌಡತಿ ತಮ್ಮ ಬೆಳ್ಳಿ ಡಾಬು ಕೊಟ್ಟಿದ್ದರು. ನಡುವೆ ಅಂಗೈ ಅಗಲದ ಬಿಲ್ಲೆ, ಅದರ ಮೇಲೆ ನವಿಲು. ಗೆರೆಗೆರೆಯಲ್ಲೂ ಕಪ್ಪು ಕೂತಿತ್ತು. ಅತ್ತೆ ಆ ದಿನ ಬೇರೆ ಮನೆಗೆ ಹೋಗಿದ್ದರು. ನನ್ನ ಕೈಚಳಕ ತೋರಿಸುವುದಕ್ಕೆ ಇದೇ ಸಮಯವೆಂದು ಬೇವಿನಕಡ್ಡಿ ಹಿಡಿದು ಕೂತೆ. ಬೆಳಿಗ್ಗೆ ಕೂತವಳು ಊಟದ ಹೊತ್ತಿಗೆ ಒಂದು ಚುಕ್ಕೆ ಕಪ್ಪೂ ಇಲ್ಲದಂತೆ ತೆಗೆದೆ. ಬಿಲ್ಲೆ ಹುಣ್ಣಿಮೆ ಚಂದ್ರನ ಹಾಗೆ ಹೊಳೆಯುತ್ತಿತ್ತು.

ಗೌಡತಿ ಡಾಬನ್ನು ಕೈಯಲ್ಲಿ ಹಿಡಿದು ಹಿಂದೆ ನೋಡಿದರು, ಮುಂದೆ ನೋಡಿದರು.

"ನವಿಲೆಲ್ಲೋಯ್ತು?"

"ಇಲ್ಲೇ ಐತೆ ಕಣ್ರವ್ವಾ" ಎಂದು ನಾನೂ ಬಗ್ಗಿ ನೋಡಿದೆ. ಗೆರೆಗಳು ತೀರಾ ಸಣ್ಣವು. ಕಪ್ಪು ಹೋದ ಮೇಲೆ ನವಿಲೂ ಕಾಣದಾಗಿತ್ತು. ಕೊಕ್ಕೊಂದು ಉಳಿದಿತ್ತು.

"ಇದು ನಮ್ಮತ್ತೆ ನವಿಲು ಕಣಮ್ಮಿ. ನಾಳೆ ನನ್ ಮಗಳು ಬರೀ ಕೊಕ್ಕು ಕಟ್ಕೊಂಡು ಹಸೆ ಮೇಲೆ ಕೂರ್ಬೇಕಾ?" ಎಂದು ಅವರು ಜಗಲಿಯ ಮೇಲೆ ಕುಸಿದರು. ಮದುವೆ ಮನೆಯವರೆಲ್ಲ ಸುತ್ತ ಸೇರಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ಅತ್ತೆ ಬಂದರು. ಡಾಬು ನೋಡಿದರು, ನನ್ನನ್ನು ನೋಡಿದರು. ಗೌಡತಿಯ ಪಕ್ಕ ಕೂತು ಏನೂ ಆಗದವರ ಹಾಗೆ, "ಅಳಬ್ಯಾಡಿ ಗೌಡ್ತಮ್ಮ. ನವಿಲು ಮೀಯಕ್ಕೋಗೈತೆ, ನಾಳೆ ಬೆಳಿಗ್ಗೆ ಬತ್ತದೆ" ಎಂದರು. ಅವತ್ತೇ ಹುಣಸೂರಿಗೆ ವಾಪಸು ಗಾಡಿ ಕಟ್ಟಿಸಿದರು. ದಾರಿಯುದ್ದಕ್ಕೂ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಎತ್ತುಗಳಿಗೆ ಮಾತ್ರ ನನ್ನ ಬುದ್ಧಿಯನ್ನು ವಿವರವಾಗಿ ಹೇಳಿದರು. ಅಂಗಡಿಯಲ್ಲಿ ಮಾವನವರು ಬಿಲ್ಲೆಗೆ ಗಂಧಕದ ನೀರು ಹಚ್ಚಿ ಕಾಯಿಸಿದರು. ಕ್ಷಣದಲ್ಲಿ ಬಿಲ್ಲೆಯೆಲ್ಲ ಕಾಗೆಯ ಬಣ್ಣಕ್ಕೆ ತಿರುಗಿತು. ಮೇಲುಮೇಲೆ ಒರೆಸಿದಾಗ ಗೆರೆಯೊಳಗೆ ಕಪ್ಪು ನಿಂತು ನವಿಲು ಗರಿ ಬಿಚ್ಚಿಕೊಂಡು ಎದ್ದು ಬಂತು.

ಕಪ್ಪೆಲ್ಲ ಕೊಳೆಯಲ್ಲ ಎಂಬುದನ್ನು ನಾನು ಕಲಿತದ್ದು ಹಾಗೆ. ಅಂದಿನಿಂದ ನನ್ನ ಕೆಲಸದ ಗಂಟಿನಲ್ಲಿ ಗಂಧಕದ ಒಂದು ಪೊಟ್ಟಣ ಯಾವಾಗಲೂ ಇರುತ್ತಿತ್ತು.

ಇನ್ನೊಂದು ತಪ್ಪು ಬಾಯಿಂದ ಆದದ್ದು. ಸಾಲಿಗ್ರಾಮದಲ್ಲಿ ಒಂದು ಅಯ್ಯಂಗಾರರ ಮನೆ. ಮನೆಯ ಯಜಮಾನರು ತುಂಬಾ ಆಚಾರವಂತರು. ನಾನು ಹಿತ್ತಿಲಿನಲ್ಲಿ ಕೂತು ಅವರ ದೇವರ ತಟ್ಟೆ ಬೆಳಗುತ್ತಿದ್ದಾಗ ಹಿಂದೆ ಬಂದು ನಿಂತು, "ಎಷ್ಟು ಚೆನ್ನಾಗಿ ಹೊಳೀತಿದೆ! ಅದೇನು ಪುಡಿಯಮ್ಮಾ?" ಎಂದು ಕೇಳಿದರು. ಹೊಗಳಿಕೆಗೆ ಉಬ್ಬಿಹೋಗಿ, "ವಿಭೂತಿ ಸ್ವಾಮಿ, ಶುದ್ಧವಾದ ವಿಭೂತಿ" ಎಂದುಬಿಟ್ಟೆ.

ಅವರು ಎರಡು ಹೆಜ್ಜೆ ಹಿಂದೆ ಸರಿದು ಬಾವಿಕಟ್ಟೆಗೆ ಒರಗಿದರು. ತಲೆತಲಾಂತರದಿಂದ ಹಣೆಗೆ ನಾಮ ಬಿಟ್ಟು ಬೇರೆ ಕಾಣದ ಮನೆ ಅದು. ಪೆರುಮಾಳ್ ಊಟ ಮಾಡುವ ತಟ್ಟೆಗೆ ನಾನು ಅಂಗೈ ತುಂಬ ವಿಭೂತಿ ಬಳಿದಿದ್ದೆ. ಮನೆಯ ಹೆಂಗಸರೆಲ್ಲ ಬೆಳ್ಳಿ ಹೊತ್ತುಕೊಂಡು ಹೊಳೆಗೆ ಹೋಗಿ ಮುಳುಗಿಸಿ ತಂದರು. ಕೊನೆಗೆ ಯಜಮಾನರೇ ಒಳಗಿನಿಂದ ನಾಮದ ಬಿಳಿ ಮಣ್ಣು ತಂದು ಎದುರಿಗಿಟ್ಟು, "ಇದರಲ್ಲಿ ಉಜ್ಜು" ಎಂದರು. ಉಜ್ಜಿದೆ. ನಿಜ ಹೇಳುತ್ತೇನೆ, ವಿಭೂತಿಗಿಂತ ಒಂದು ಕೈ ಮೇಲಾಗಿಯೇ ಹೊಳೆಯಿತು.

ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ. ಮಾರನೆಯ ವಾರ ಗಂಟಿನಲ್ಲಿ ಎರಡು ತಗಡಿನ ಡಬ್ಬ ಇದ್ದವು, ಒಂದರ ಮೇಲೆ ಮೂರು ಅಡ್ಡಗೆರೆ, ಇನ್ನೊಂದರ ಮೇಲೆ ನಾಮ. ಹಂಪಾಪುರದ ಲಿಂಗಾಯತರ ಮನೆಯಲ್ಲಿ ಅಡ್ಡಗೆರೆಯ ಡಬ್ಬ ತೆಗೆಯುವುದು, ಸಾಲಿಗ್ರಾಮದಲ್ಲಿ ನಾಮದ ಡಬ್ಬ. ಸ್ವಲ್ಪ ದಿನದ ಮೇಲೆ ನೋಡಿದರೆ ಎರಡರಲ್ಲೂ ಒಂದೇ ಪುಡಿ ಇದ್ದ ಹಾಗೆ ನನಗೆ ಕಂಡಿತು. ಕೇಳಿದೆ.

"ಬೆಳ್ಳಿಗೆ ಜಾತಿ ಇಲ್ಲ ಕಣೇ, ಡಬ್ಬಕ್ಕೈತೆ" ಎಂದರು ಅತ್ತೆ. "ನೀನು ಬಾಯಿ ಮುಚ್ಕೊಂಡು ಡಬ್ಬದ ಮುಚ್ಚಳ ತೆಗಿ."

ಹುಣಸೂರಿನ ಹೊರಗೆ ಕಾಫಿ ವ್ಯಾಪಾರದ ದೊರೆಯೊಬ್ಬರ ಬಂಗಲೆ ಇತ್ತು. ವರ್ಷಕ್ಕೆರಡು ಸಲ ಅಲ್ಲಿಗೂ ಹೋಗುತ್ತಿದ್ದೆ. ಅಲ್ಲಿನ ಬಟ್ಲರ್ ಅಂತೋಣಿ ನಾನು ಕಂಡ ಎರಡನೆಯ ಮೇಲಧಿಕಾರಿ. ಬಿಳಿಯ ಕೈಗವಸು ಹಾಕಿಕೊಂಡು ಒಂದೊಂದು ಚಮಚವನ್ನೂ ಎತ್ತಿ ಅದರಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮೀಸೆಯ ಕೂದಲು ಎಣಿಸುವ ಹಾಗೆ ಕಂಡರೆ ಕೆಲಸ ಆಯಿತು ಎಂದರ್ಥ. ಅವನ ಹತ್ತಿರ ಸೀಮೆಯಿಂದ ಬಂದ ಗುಲಾಬಿ ಬಣ್ಣದ ಪುಡಿ ಇತ್ತು. ಒಂದು ಚಿಟಿಕೆ ಕಟ್ಟಿಸಿಕೊಂಡು ಬಂದು ಅತ್ತೆಗೆ ಕೊಟ್ಟೆ. ಅವರು ನಂಬದೆ ಮೊದಲು ತಮ್ಮ ಹಲ್ಲಿಗೆ ಉಜ್ಜಿ ನೋಡಿಕೊಂಡರು. ಹಲ್ಲು ಬೆಳ್ಳಗಾಯಿತು. ಆಮೇಲೂ ಬೆಳ್ಳಿಗೆ ಹಾಕಲಿಲ್ಲ. ಮುಗಿಯುವ ತನಕ ಹಲ್ಲಿಗೇ ಇಟ್ಟುಕೊಂಡರು.

ಆ ಬಂಗಲೆಯಲ್ಲಿ ಹನ್ನೆರಡು ಸಣ್ಣ ಚಮಚಗಳಿದ್ದವು. ಉಳಿದ ಬೆಳ್ಳಿಯೆಲ್ಲ ಮಾಸಲು ಬಣ್ಣಕ್ಕೆ ತಿರುಗಿದ್ದರೆ ಇವು ಮಾತ್ರ ತುದಿಯಲ್ಲಿ ಕಡುಕಪ್ಪು, ಅಂಚಿನಲ್ಲಿ ಹಳದಿ, ನಡುವೆ ನೀಲಿ. ಹಿಡಿ ಬೆಳ್ಳಗೇ ಇತ್ತು. ಇದೇನು ಕೊಳೆ ಎಂದು ಅಂತೋಣಿಯನ್ನು ಕೇಳಿದೆ.

"ಕೊಳೆ ಅಲ್ಲಮ್ಮಾ, ಮೊಟ್ಟೆ. ದೊರೆ ದಿನಾ ಬೇಯ್ಸಿದ ಮೊಟ್ಟೆ ತಿಂತಾರೆ. ಮೊಟ್ಟೇಲಿ ಗಂಧಕ ಇದೆ."

"ಕೋಳಿ ಗಂಧಕ ಎಲ್ಲಿ ತಿಂತದೆ?"

"ಅದನ್ನ ಕೋಳೀನೇ ಕೇಳ್ಬೇಕು" ಎಂದು ಅವನು ಮೀಸೆ ನೋಡಿಕೊಂಡ.

ಇಷ್ಟು ತಿಳಿದಿದ್ದರಿಂದಲೇ ನಾನು ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಉಳಿಸುವ ಹಾಗಾಯಿತು. ಅದನ್ನೇ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ಅದು ಒಬ್ಬ ಅಮಲ್ದಾರರ ಮನೆ. ನಾಲ್ಕು ತಾಲ್ಲೂಕಿನಲ್ಲಿ ಯಾವ ತಾಲ್ಲೂಕೆಂದು ಹೇಳುವುದಿಲ್ಲ. ಅಮಲ್ದಾರರು ಸರಿಗೆ ಪೇಟ ಇಟ್ಟು ಹೊರಟರೆ ಪಟೇಲರು ಬೇಲಿ ಹಾರುತ್ತಿದ್ದರು. ಮನೆಯೊಳಗೆ ಮಡಿ ಮೈಲಿಗೆ ಬಲು ಜೋರು. ಈರುಳ್ಳಿ ಕೂಡ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಅವರ ಹೆಂಡತಿ ಸೀತಮ್ಮನವರು ಗೌರಿ ಹಬ್ಬದ ಮುಂಚೆ ನನಗೆ ಹೇಳಿಕಳಿಸಿದ್ದರು. ಅತ್ತೆಗೆ ಆಗ ಮಂಡಿನೋವು, ನಾನೊಬ್ಬಳೇ ಹೋದೆ.

ಸೀತಮ್ಮನವರು ನನ್ನನ್ನು ಹಿಂದಿನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಸೆರಗಿನ ಗಂಟು ಬಿಚ್ಚಿದರು. ಒಳಗೆ ಒಂದು ಬೆಳ್ಳಿ ಚಮಚ ಇತ್ತು.

"ನೋಡು ರಾಜಮ್ಮ. ವಾರಕ್ಕೆರಡು ಸಲ ನಾನೇ ತೊಳೀತೀನಿ. ಮತ್ತೆ ಹೀಗೇ ಆಗುತ್ತೆ. ಬೆಳ್ಳಿ ಕಪ್ಪಾದ್ರೆ ಏನರ್ಥ ಹೇಳು?"

"ಏನಮ್ಮಾವ್ರೇ?"

"ವಿಷ. ಯಾರೋ ಇವರಿಗೆ ಮದ್ದು ಹಾಕ್ತಿದಾರೆ." ಅವರು ಬಾಗಿಲ ಕಡೆ ನೋಡಿಕೊಂಡರು. "ಯಾರೋ ಏನು, ವೆಂಕಮ್ಮನೇ. ಅಣ್ಣನ ಮಗನಿಗೆ ಜವಾನನ ಕೆಲಸ ಕೊಡಿಸಿ ಅಂದಳು, ಇವರು ಆಗಲ್ಲ ಅಂದ್ರು. ಆ ಸಿಟ್ಟು. ನಾಳೆ ಬೆಳಿಗ್ಗೆ ಅವಳನ್ನ ಕಳಿಸೋಕೆ ಗಾಡಿಗೆ ಹೇಳಿದೀನಿ."

ವೆಂಕಮ್ಮ ಆ ಮನೆಯ ಅಡುಗೆಯವರು. ಅರವತ್ತು ದಾಟಿದ ವಿಧವೆ, ದೂರದ ಸಂಬಂಧ. ಅವರ ಕೈಯ ಮಜ್ಜಿಗೆಯನ್ನು ನಾನು ಆಗಷ್ಟೇ ಕುಡಿದಿದ್ದೆ.

"ಗಾಡೀಲಿ ಎಲ್ಲಿಗೋಯ್ತಾರೆ ಅಮ್ಮಾವ್ರೇ?"

"ಎಲ್ಲಿಗಾದರೂ ಹೋಗಲಿ" ಎಂದು ಸೀತಮ್ಮನವರು ಆ ಕಡೆ ಮುಖ ತಿರುಗಿಸಿದರು. ಅವರಿಗೂ ಸಂಕಟವಾಗುತ್ತಿತ್ತು. ಆದರೆ ಗಂಡನ ಜೀವಕ್ಕಿಂತ ಹೆಚ್ಚೇ?

ನಾನು ಚಮಚವನ್ನು ಬೆಳಕಿಗೆ ಹಿಡಿದೆ. ತುದಿ ಕಡುಕಪ್ಪು, ನಡುವೆ ನೀಲಿ, ಅಂಚಿನಲ್ಲಿ ಹಳದಿ. ಹಿಡಿ ಬೆಳ್ಳಗೆ. ಈರುಳ್ಳಿ ಬಾರದ ಮನೆ ಇದು!

"ಈ ಚಮಚ ಯಾತಕ್ಕಮ್ಮಾವ್ರೇ?"

"ಇವರ ಟಾನಿಕ್ಕಿಗೆ. ವಿಷಮಜ್ವರದಲ್ಲಿ ಮಲಗಿ ಎದ್ದ ಮೇಲೆ ಡಾಕ್ಟರು ಬರೆದುಕೊಟ್ಟರಂತೆ. ಬೆಳಿಗ್ಗೆ ಕಚೇರಿ ಕೋಣೇಲಿ ಬಾಗಿಲು ಹಾಕ್ಕೊಂಡು ಹಾಲಿಗೆ ಕಲಸಿಕೊಂಡು ತಗೋತಾರೆ. ವಾಸನೆ ನಮಗಾಗೋಲ್ಲ ಅಂತ ಒಳಗೆ ತರೋದೇ ಇಲ್ಲ. ಹಾಲು ಕಾಯಿಸಿ ಕೊಡೋಳು ವೆಂಕಮ್ಮ."

ನಾನು ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಬಂದೆ. ಸಾಲಿಗ್ರಾಮದ ಪಾಠ ಮರೆತಿರಲಿಲ್ಲ. ಅಮಲ್ದಾರರ ಜವಾನ ಮರಿಯಪ್ಪ ಬಾವಿಯಿಂದ ನೀರು ಹೊತ್ತು ಹೋಗುತ್ತಿದ್ದ. ಮೆಲ್ಲಗೆ ಕೇಳಿದೆ.

"ಮರಿಯಪ್ಪಣ್ಣ, ಮೊಟ್ಟೆ ಯಾರ ಮನೇದು?"

ಕೊಡ ಕೈಜಾರಿ ಅವನ ಕಾಲಮೇಲೆ ಬಿತ್ತು. "ಯಾ... ಯಾವ ಮೊಟ್ಟೆ?"

"ಕೋಳೀದು."

ಅವನು ಸುತ್ತ ನೋಡಿ ನನ್ನ ಮುಂದೆ ಕುಕ್ಕರಿಸಿದ. "ನಮ್ ಮನೇವೇ ಕಣಕ್ಕೋ. ದಿನಾ ಎರಡು. ಯಾರ್ಗೂ ಏಳ್ಬ್ಯಾಡ, ನನ್ ತಲೆ ಉಳಿಯಾಕಿಲ್ಲ" ಎಂದವನು, ನಾನು ಉತ್ತರ ಕೊಡುವ ಮೊದಲೇ ಕುಂಟುತ್ತಾ ಕಚೇರಿ ಕೋಣೆಗೆ ಓಡಿದ. ಎರಡು ನಿಮಿಷಕ್ಕೆ ನನಗೆ ಕರೆ ಬಂತು.

ಅಮಲ್ದಾರರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಾವೇ ಎದ್ದು ಹೋಗಿ ಕಿಟಕಿ ಮುಚ್ಚಿದರು.

"ಏನು ವಿಷಯ?"

"ಚಮಚದ ವಿಷ್ಯ ಸ್ವಾಮಿ. ಕಪ್ಪಾಗೈತೆ."

"ಕಪ್ಪಾದ್ರೆ ತೊಳಿ. ನಿನ್ನ ಕರೆಸಿರೋದು ಅದಕ್ಕೇ."

"ತೊಳೀತೀನಿ ಸ್ವಾಮಿ. ನಾಳೆ ಮತ್ತೆ ಆಯ್ತದೆ, ನಾಳಿದ್ದೂ ಆಯ್ತದೆ. ವೆಂಕಮ್ಮನೋರು ಮದ್ದು ಆಕವ್ರೆ ಅಂತ ಅಮ್ಮಾವ್ರು ಗಾಡಿಗೆ ಏಳವ್ರೆ."

ಇದು ಅವರಿಗೆ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂತುಬಿಟ್ಟರು. ಪೇಟವಿಲ್ಲದ ತಲೆಯ ಮೇಲೆ ಕೈಯಾಡಿಸಿಕೊಂಡರು.

"ವೆಂಕಮ್ಮನೇ? ಅಯ್ಯೋ ರಾಮ! ನಾನು ಜ್ವರದಲ್ಲಿ ಬಿದ್ದಾಗ ಇಪ್ಪತ್ತು ದಿನ ಗಂಜಿ ಹಾಕಿದ ಪುಣ್ಯಾತ್ಗಿತ್ತಿ ಅವಳು." ಆಮೇಲೆ ತಗ್ಗಿದ ಧ್ವನಿಯಲ್ಲಿ, "ನಾನು ಸತ್ತೇಹೋಗ್ತಿದ್ದೆ ಕಣಮ್ಮ. ಡಾಕ್ಟರು ಬಲವಂತ ಮಾಡಿದ್ರು. ಔಷಧಿ ಅಂತ ಮೂಗು ಮುಚ್ಚಿಕೊಂಡು ನುಂಗ್ತೀನಿ, ರುಚಿಗಲ್ಲ" ಎಂದರು. ಆಮೇಲೆ ದೇವರಿಗೆ ಹೆದರಿದವರ ಹಾಗೆ, "ಮೊದಲನೇ ವಾರ ರುಚಿಗಲ್ಲ" ಎಂದು ತಿದ್ದಿಕೊಂಡರು.

ನಗು ಬಂತು. ನೆಲ ನೋಡಿಕೊಂಡು ನಿಂತೆ.

"ನನ್ನ ಹೆಂಡತಿಗೆ ತಿಳಿದರೆ ಈ ಮನೇಲಿ ನನಗೆ ಎಲೆ ಹಾಕೋಲ್ಲ. ನೀನು ಏನಾದರೂ ಒಂದು ಸುಳ್ಳು ಹೇಳು."

"ಬೆಳ್ಳಿ ವಿಷ್ಯದಲ್ಲಿ ಸುಳ್ಳೇಳಿದ್ರೆ ನಮ್ ಕಸುಬು ಓಯ್ತದೆ ಸ್ವಾಮಿ."

ಅವರ ಮುಖ ಬಿಳಿಚಿತು. "ನಿಜ ಹೇಳ್ತೀಯಾ ಹಾಗಾದ್ರೆ?"

"ಎಷ್ಟು ಬೇಕೋ ಅಷ್ಟು ನಿಜ ಏಳ್ತೀನಿ. ಬುಡಿ."

ಒಳಗೆ ಹೋಗಿ ಸೀತಮ್ಮನವರನ್ನು ಕೂರಿಸಿಕೊಂಡೆ. ಎರಡು ಬೆಳ್ಳಿ ಚಮಚ ಚೆನ್ನಾಗಿ ಬೆಳಗಿದೆ. ವೆಂಕಮ್ಮ ಕಾಯಿಸಿದ ಹಾಲನ್ನೇ ತರಿಸಿ ಒಂದನ್ನು ಅದರಲ್ಲಿ ನೆನೆಹಾಕಿದೆ. ನನ್ನ ಗಂಟಿನ ಗಂಧಕ ತೆಗೆದು, ಸ್ವಲ್ಪ ಸುಣ್ಣದ ತಿಳಿಯಲ್ಲಿ ಕಾಯಿಸಿ, ಇನ್ನೊಂದನ್ನು ಅದರಲ್ಲಿಟ್ಟೆ. ಇಬ್ಬರೂ ನೋಡುತ್ತಾ ಕೂತೆವು. ಗಂಧಕದ ಚಮಚ ಮೊದಲು ಹಳದಿಯಾಯಿತು, ಆಮೇಲೆ ನೀಲಿ, ಆಮೇಲೆ ಕಪ್ಪು. ಊಟದ ಹೊತ್ತಿಗೆ ಹಾಲಿನ ಚಮಚ ಎತ್ತಿ ಒರೆಸಿದರೆ ಹಾಗೇ ಬೆಳ್ಳಗಿತ್ತು.

"ಇದು ಮದ್ದಲ್ಲ ಅಮ್ಮಾವ್ರೇ, ಗಂಧಕ. ಅಂಗಡೀಲಿ ನಮ್ ಮಾವನೋರು ಬೆಳ್ಳಿ ಕಪ್ಪು ಮಾಡೋದೇ ಇದ್ರಲ್ಲಿ. ಮೈಗೆ ಏನೂ ಮಾಡಾಕಿಲ್ಲ."

"ಅಂದ್ರೆ ಇವರ ಟಾನಿಕ್ಕಿನಲ್ಲಿ ಗಂಧಕ ಇದೆಯೇ?"

"ಐತೆ ಅಮ್ಮಾವ್ರೇ. ಬೇಕಾದಷ್ಟೈತೆ."

ಅವರು ಆ ಬಿಳಿಯ ಚಮಚವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣಲ್ಲಿ ನೀರು ತುಂಬಿತು. "ಎಂಥ ಪಾಪ ಮಾಡ್ತಿದ್ದೆ ರಾಜಮ್ಮ" ಎಂದು ಎದ್ದು ಅಡುಗೆಮನೆಗೆ ಹೋದರು. ಕಡುಬಿಗೆ ಹಿಟ್ಟು ನಾದುತ್ತಿದ್ದ ವೆಂಕಮ್ಮನ ಕೈಯಿಂದ ಹಿಟ್ಟು ಕಿತ್ತುಕೊಂಡು ತಾವೇ ನಾದತೊಡಗಿದರು. ಗಾಡಿಯವನಿಗೆ ಬೇಡವೆಂದು ಹೇಳಿಕಳಿಸಿದರು. ಆ ಹಬ್ಬಕ್ಕೆ ವೆಂಕಮ್ಮನಿಗೆ ಹೊಸ ಸೀರೆ ಬಂತು. ಯಾತಕ್ಕೆ ಬಂತೆಂದು ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ. "ಈ ಸಲ ನನ್ನ ಕಡುಬು ಅಷ್ಟು ಚೆನ್ನಾಗಿತ್ತೇನೇ?" ಎಂದು ನನ್ನನ್ನೇ ಕೇಳಿದರು. ಚೆನ್ನಾಗಿತ್ತು ಎಂದೆ. ಅದೂ ಸುಳ್ಳಲ್ಲ.

ಎಲ್ಲ ಮುಗಿಯಿತೆಂದುಕೊಂಡು ಗಂಟು ಕಟ್ಟುತ್ತಿದ್ದೆ. ಸೀತಮ್ಮನವರು ಕೈ ತೊಳೆದುಕೊಂಡು ಬಂದವರು, "ಆ ಟಾನಿಕ್ಕು ತಗೊಂಡ ಮೇಲೆ ಇವರ ಮೈ ಎಷ್ಟು ತುಂಬಿಕೊಂಡಿದೆ ನೋಡು. ನನಗೂ ಉಪವಾಸ, ವ್ರತ, ಒಂದೇ ಸಮನೆ ತಲೆಸುತ್ತು. ನಾಳೆಯಿಂದ ನನಗೂ ಒಂದು ಚಮಚ ಕೊಡಿ ಅಂತೀನಿ" ಎಂದರು.

ನಡುಮನೆಯಿಂದ ಅಮಲ್ದಾರರು ಹಾರಿ ಬಂದರು. ಬಾಗಿಲ ಹಿಂದೆಯೇ ನಿಂತಿದ್ದರೆಂದು ಕಾಣುತ್ತದೆ.

"ಕೂಡದು! ಅದು ಗಂಡಸರ ಔಷಧಿ!"

"ಗಂಡಸರ ಟಾನಿಕ್ಕು, ಹೆಂಗಸರ ಟಾನಿಕ್ಕು ಅಂತ ಬೇರೆ ಬೇರೆ ಇರುತ್ಯೇ?"

"ಇರುತ್ತೆ. ಇದು... ಇದು ಮೀಸೆಗೂ ಸಂಬಂಧಪಟ್ಟಿದ್ದು."

ಸೀತಮ್ಮನವರು ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಆಗಲೇ ಬೆಳಗಿ ಮುಗಿಸಿದ್ದ ತಟ್ಟೆಯನ್ನು ಮತ್ತೆ ತೆಗೆದುಕೊಂಡು ಉಜ್ಜತೊಡಗಿದೆ.

ಸಂಕ್ರಾಂತಿ ಕಳೆದ ಮೇಲೆ ಅಮಲ್ದಾರರಿಗೆ ವರ್ಗವಾಯಿತು. ಸಾಮಾನು ಕಟ್ಟುವ ಮೊದಲು ಬೆಳ್ಳಿಯನ್ನೆಲ್ಲ ಒಂದು ಸಲ ತೊಳೆದು ಕೊಡಬೇಕೆಂದು ಸೀತಮ್ಮನವರು ನನ್ನನ್ನು ಕರೆಸಿದರು. ಹಿತ್ತಿಲಿನಲ್ಲಿ ಹರವಿ ಕೂತೆ. ಆ ಚಮಚ ಕೈಗೆ ಸಿಕ್ಕಿತು. ಹಬ್ಬದಲ್ಲಿ ನಾನು ಬೆಳಗಿಟ್ಟ ಹಾಗೇ ಇತ್ತು. ತುದಿಯಲ್ಲಿ ಹಳದಿಯ ಸುಳಿವೂ ಇಲ್ಲ.

"ಸ್ವಾಮ್ಯೋರು ಟಾನಿಕ್ಕು ಬುಟ್ಬುಟ್ರಾ ಅಮ್ಮಾವ್ರೇ?" ಎಂದು ಕೇಳಿದೆ.

"ಯಾಕೆ ಬಿಡ್ತಾರೆ? ದಿನಾ ನಡೀತಿದೆ." ಅವರು ಅಡಕುತ್ತಿದ್ದ ಬುಟ್ಟಿಯಿಂದ ಒಂದು ಮರದ ಚಮಚ ತೆಗೆದು ತೋರಿಸಿದರು. ಹೊಸದಾಗಿ ಕಡೆಸಿದ್ದು, ನುಣ್ಣಗಿತ್ತು. "ಬಡಗಿ ಕೈಲಿ ಮಾಡಿಸ್ದೆ. ಬೆಳ್ಳಿ ಚಮಚ ಉಷ್ಣ, ಮರದ್ದೇ ತಂಪು ಅಂತ ಹೇಳಿ ಕೊಟ್ಟೆ. ಎಷ್ಟು ಖುಷಿಯಾಯಿತು ಅಂತೀಯ ಅವರಿಗೆ!"

ನಾನು ಚಮಚ ಉಜ್ಜುತ್ತಲೇ ಇದ್ದೆ. ಅವರು ನನ್ನ ಪಕ್ಕಕ್ಕೆ ಬಂದು ಕೂತು, ಧ್ವನಿ ತಗ್ಗಿಸಿದರು.

"ಮಲ್ಲಿಗೆ ಗಿಡ ಯಾಕೆ ಈ ವರ್ಷ ಹೀಗೆ ಹೂ ಬಿಡ್ತಿದೆ ಅಂತ ಬುಡ ಕೆದಕಿ ನೋಡ್ದೆ ರಾಜಮ್ಮ. ಗಂಧಕಕ್ಕೆ ಸಿಪ್ಪೆ ಇರುತ್ತೇನೇ?"

ಕೈಯಲ್ಲಿದ್ದ ಬಟ್ಟೆ ನಿಂತುಹೋಯಿತು.

"ಮರಿಯಪ್ಪನ್ನ ಮುಂದಾಗಿ ಕಳಿಸಿದೀನಿ" ಎಂದರು ಸೀತಮ್ಮನವರು. "ಹೊಸ ಊರಲ್ಲಿ ಯಾರ ಮನೇಲಿ ಒಳ್ಳೇದು ಸಿಗುತ್ತೆ ನೋಡಿಟ್ಟಿರು ಅಂತ. ನನಗೆ ಗೊತ್ತು ಅಂತ ಮಾತ್ರ ಇವರ ಕಿವಿಗೆ ಬೀಳಬಾರದು, ಏನು? ಗೊತ್ತಾದರೆ ಪಾಪ, ನಾಚಿಕೊಂಡು ತಿನ್ನೋದನ್ನೇ ಬಿಟ್ಟುಬಿಡ್ತಾರೆ."